ಮಧುಚಂದ್ರದ ಮಧ್ಯಾಹ್ನದ ಊಟ

ಮದುವೆ ಸೀಸನ್ ಬಂತೆಂದರೆ ಟ್ರಾವೆಲ್ ಏಜೆಂಟರು ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುವ ಮಾರಿಷಸ್ ಹನಿಮೂನ್ ಪ್ಯಾಕೇಜುಗಳಲ್ಲಿ ನಾಲ್ಕೈದನ್ನು ಪಕ್ಕಪಕ್ಕ ಇಟ್ಟು ಓದಿ ನೋಡಿ. ಹೋಟೆಲಿನ ಹೆಸರು ಬೇರೆ, ದರ ಬೇರೆ. ಉಳಿದದ್ದೆಲ್ಲ ಒಂದೇ ಅಚ್ಚಿನದು. ಒಂದು ದಿನ ಉತ್ತರದ ಸುತ್ತಾಟ: ರಾಜಧಾನಿ ಪೋರ್ಟ್ ಲೂಯಿಯ ಗುಡ್ಡದ ಮೇಲಿನ ಕೋಟೆ, ಬಂದರಿನ ಪಕ್ಕದ ಕೊಡಾನ್ ಮಳಿಗೆಗಳು. ಇನ್ನೊಂದು ದಿನ ದಕ್ಷಿಣ: ಟ್ರೂ ಓ ಸೆರ್ಫ್ ಎಂಬ ಆರಿದ ಜ್ವಾಲಾಮುಖಿಯ ಬಾಯಿ, ಗಂಗಾ ತಲಾವ್, ಶಾಮರೆಲ್‌ನ ಏಳು ಬಣ್ಣದ ಮಣ್ಣು. ಮತ್ತೊಂದು ದಿನ ಸ್ಪೀಡ್ ಬೋಟ್ ಹತ್ತಿ ಐಲ್ ಓ ಸೆರ್ಫ್ ಎಂಬ ಪುಟ್ಟ ದ್ವೀಪಕ್ಕೆ. ಪ್ಯಾರಾಸೇಲಿಂಗ್‌ಗೆ ಪ್ರತ್ಯೇಕ ಶುಲ್ಕ. ಹಾಸಿಗೆಯ ಮೇಲೆ ಹೂವಿನ ಅಲಂಕಾರ, ಒಂದು ಕೇಕು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಭರವಸೆ: ಭಾರತೀಯ ಊಟ ಸೇರಿದೆ, ಶುದ್ಧ ಸಸ್ಯಾಹಾರ ಮತ್ತು ಜೈನ ಊಟಕ್ಕೂ ವ್ಯವಸ್ಥೆ ಇದೆ. ನನ್ನ ತಕರಾರು ಇರುವುದು ಈ ಕೊನೆಯ ಸಾಲಿನ ಮೇಲೆ. ಹೊಸ ದಂಪತಿಯನ್ನು ಸೆಳೆಯಲೆಂದೇ ಬರೆದ ಆ ಸಾಲು ಅವರಿಗೆ ಮಾಡುವ ನಷ್ಟ ಸಣ್ಣದಲ್ಲ. ಮಾರಿಷಸ್‌ನಂಥ ದ್ವೀಪದಲ್ಲಿ ಕಣ್ಣಿಗೆ ಸಿಗುವುದಕ್ಕಿಂತ ಬಾಯಿಗೆ ಸಿಗುವುದರಲ್ಲೇ ಊರು ಹೆಚ್ಚು ಇದೆ ಎಂಬುದು ನನ್ನ ವಾದ. ಅಲ್ಲಿನ ಊಟ ಬಿಟ್ಟು ಅಲ್ಲಿನ ನೋಟವನ್ನಷ್ಟೇ ಕೊಂಡವರು ತಾವು ಕೊಟ್ಟ ದುಡ್ಡಿಗೆ ಅರ್ಧ ದ್ವೀಪವನ್ನು ಮಾತ್ರ ನೋಡಿ ಬರುತ್ತಾರೆ.

ಈ ಮಾತನ್ನು ಎಲ್ಲ ದೇಶಕ್ಕೂ ಅನ್ವಯಿಸಲಾರೆ. ಈಜಿಪ್ಟಿಗೆ ಹೋದವರು ಒಂದು ತುತ್ತೂ ಅಲ್ಲಿಯದನ್ನು ತಿನ್ನದೆ ಬಂದರೂ ಪಿರಮಿಡ್ಡು ಅವರಿಗೆ ಹೇಳಬೇಕಾದ್ದನ್ನು ಹೇಳಿಯೇ ಕಳಿಸುತ್ತದೆ. ಮಾರಿಷಸ್‌ನಲ್ಲಿ ಹಾಗೆ ಮಾತಾಡುವ ಕಲ್ಲುಗಳು ಕಡಿಮೆ, ಯಾಕೆಂದರೆ ಅಲ್ಲಿ ಮೂಲನಿವಾಸಿಗಳು ಎಂಬವರೇ ಇರಲಿಲ್ಲ. 1598ರಲ್ಲಿ ಡಚ್ಚರು ಹಡಗಿನಿಂದ ಇಳಿದಾಗ ಅಲ್ಲಿದ್ದದ್ದು ಕಾಡು, ಆಮೆ, ಹಾರಲಾರದ ಡೋಡೊ ಹಕ್ಕಿ. ಡಚ್ಚರು 1638ರಲ್ಲಿ ನೆಲೆಯೂರಿ, ಜಾವಾದಿಂದ ಕಬ್ಬನ್ನೂ ಜಿಂಕೆಯನ್ನೂ ತಂದು, ಎಬೊನಿ ಮರ ಕಡಿದು ಸಾಗಿಸಿ, 1710ರಲ್ಲಿ ಕೈಚೆಲ್ಲಿ ಹೋದರು. ಅಷ್ಟರಲ್ಲಿ ಡೋಡೊ ಸಂತತಿ ಮುಗಿದಿತ್ತು. 1715ರಲ್ಲಿ ಫ್ರೆಂಚರು ಬಂದರು. ಅವರ ಗವರ್ನರ್ ಲ ಬುರ್ಡೊನೆ ಪೋರ್ಟ್ ಲೂಯಿಯನ್ನು ಬಂದರು ಪಟ್ಟಣವಾಗಿ ಕಟ್ಟಿದ; ಕಟ್ಟಲು ಬೇಕಾದ ಗಾರೆಯವರಲ್ಲಿ, ಬಡಗಿಗಳಲ್ಲಿ ಪಾಂಡಿಚೇರಿ ಕಡೆಯ ತಮಿಳರೂ ಇದ್ದರು. ಗುಲಾಮರನ್ನು ಮಡಗಾಸ್ಕರ್‌ನಿಂದ, ಪೂರ್ವ ಆಫ್ರಿಕಾದ ಕರಾವಳಿಯಿಂದ ಹೊತ್ತು ತಂದರು. 1810ರಲ್ಲಿ ಇಂಗ್ಲಿಷರು ದ್ವೀಪವನ್ನು ಗೆದ್ದರು; ಕಬ್ಬನ್ನು ಗುಡ್ಡದ ಬುಡದವರೆಗೂ ಹಬ್ಬಿಸಿದರು. ಎಲ್ಲರೂ ಹೊರಗಿನವರೇ, ಬಹುಪಾಲು ಜನ ತಮ್ಮ ಇಚ್ಛೆಯಿಂದ ಬಂದವರಲ್ಲ. ಬರುವಾಗ ಅವರು ಗುಡಿಯನ್ನೋ ಮನೆಯನ್ನೋ ಹೊತ್ತು ತರಲು ಆಗಲಿಲ್ಲ. ತಂದದ್ದು ನಾಲಗೆಯನ್ನು. ಹಾಗಾಗಿ ಆ ದ್ವೀಪದ ದಾಖಲೆ ಇರುವುದು ಮಾತಿನಲ್ಲಿ, ಹಾಡಿನಲ್ಲಿ, ಅಡುಗೆಯಲ್ಲಿ. ಅಲ್ಲಿನವರ ಕ್ರಿಯೋಲ್ ಮಾತು ಐದು ದಿನದಲ್ಲಿ ಕಲಿಯುವಂಥದ್ದಲ್ಲ. ಅಡುಗೆಯನ್ನು ಮೊದಲ ದಿನವೇ ಸವಿಯಬಹುದು.

ಕೊಡಾನ್ ಮಳಿಗೆಗಳಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಆಪ್ರವಾಸಿ ಘಾಟ್ ಎಂಬ, ವಲಸೆ ಕೂಲಿಗಳನ್ನು ಇಳಿಸುತ್ತಿದ್ದ ಹಳೆಯ ಡಿಪೋ ಇದೆ. ಹೆಚ್ಚಿನ ಪ್ಯಾಕೇಜುಗಳು ಅದನ್ನು ಬಿಟ್ಟುಬಿಡುತ್ತವೆ, ಫೋಟೊಗೆ ಅಂಥ ಚೆಲುವೇನೂ ಇಲ್ಲವೆಂದೋ ಏನೋ. ಗುಲಾಮಗಿರಿ ರದ್ದಾಗುವ ಹೊತ್ತಿಗೆ ಕಬ್ಬಿನ ಗದ್ದೆಗೆ ಹೊಸ ಕೈಗಳು ಬೇಕಾದವು. 1834ರ ನವೆಂಬರ್ 2ರಂದು ಕಲ್ಕತ್ತದಿಂದ 'ಅಟ್ಲಾಸ್' ಎಂಬ ಹಡಗು 36 ಮಂದಿ ಕೂಲಿಗಳನ್ನು ತಂದಿಳಿಸಿತು. ಕರಾರು 5 ವರ್ಷದ್ದು, ತಿಂಗಳಿಗೆ 5 ರೂಪಾಯಿ ಕೂಲಿ, ಜೊತೆಗೆ ಅಕ್ಕಿ, ಬೇಳೆ, ಉಪ್ಪಿನಂಥ ಪಡಿ. ಇಂಗ್ಲಿಷರ ಲೆಕ್ಕದಲ್ಲಿ ಅದೊಂದು ಪ್ರಯೋಗ. ಪ್ರಯೋಗ ಲಾಭ ತಂದಿತು. ಆಮೇಲೆ ಗಯಾನಾ, ಟ್ರಿನಿಡಾಡ್, ನಟಾಲ್, ಫಿಜಿಗಳಿಗೂ ಅದೇ ಕರಾರಿನ ಮೇಲೆ ಹಡಗುಗಳು ಹೊರಟವು. ಮಾರಿಷಸ್ ಒಂದಕ್ಕೇ 20ನೇ ಶತಮಾನದ ಆರಂಭದ ಹೊತ್ತಿಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬಂದಿಳಿದಿದ್ದರು: ಬಿಹಾರದ ಭೋಜಪುರಿ ಸೀಮೆಯವರು ಹೆಚ್ಚು, ಮದರಾಸು ಕಡೆಯ ತಮಿಳರು, ತೆಲುಗರು, ಮುಂಬೈ ಕಡೆಯ ಮರಾಠಿಗರು. 1849ರಲ್ಲಿ ಕಟ್ಟಿದ ಆ ಡಿಪೋದಲ್ಲಿ ದೋಣಿಯಿಂದ ಇಳಿದು ಹತ್ತಬೇಕಿದ್ದ 16 ಕಲ್ಲಿನ ಮೆಟ್ಟಿಲುಗಳು ಇಂದಿಗೂ ಇವೆ. 2006ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಮೆಟ್ಟಿಲುಗಳನ್ನು ನೋಡಲು ಐದು ನಿಮಿಷ ಸಾಕು. ಆದರೆ ಆ ಮೆಟ್ಟಿಲು ಹತ್ತಿದವರಿಗೆ ಕೊಟ್ಟ ಬೇಳೆಯ ಪಡಿ ಮುಂದೆ ಏನಾಯಿತು ಎಂಬುದನ್ನು ಅರಿಯಬೇಕಾದರೆ ಅಲ್ಲಿಂದ ಪೇಟೆಬೀದಿಗೆ ಬರಬೇಕು.

ಪೇಟೆಬೀದಿಯಲ್ಲಿ ಧೋಲ್ ಪುರಿ ಇದೆ. ಗಾಜಿನ ಪೆಟ್ಟಿಗೆ ಕೂರಿಸಿಕೊಂಡ ಗಾಡಿ, ಇಲ್ಲವೇ ಬೈಕಿನ ಹಿಂಬದಿಗೆ ಕಟ್ಟಿದ ಡಬ್ಬಿ. ಅದರೊಳಗೆ ಬಟ್ಟೆ ಮುಚ್ಚಿಟ್ಟ ಹಳದಿ ರೊಟ್ಟಿಗಳ ರಾಶಿ. ಕಡಲೆಬೇಳೆಯನ್ನೋ ಹಳದಿ ಬಟಾಣಿ ಬೇಳೆಯನ್ನೋ ಅರಿಸಿನ ಹಾಕಿ ಬೇಯಿಸಿ, ನೀರು ಬಸಿದು, ಉದುರಾಗಿ ಪುಡಿ ಮಾಡಿ, ಜೀರಿಗೆ ಬೆರೆಸುತ್ತಾರೆ. ಮೈದಾ ಕಣಕದೊಳಗೆ ಈ ಪುಡಿಯನ್ನು ತುಂಬಿ, ಆಚೆ ಬದಿ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿದ ಕಾವಲಿಯ ಮೇಲೆ ಕಂದು ಚುಕ್ಕೆ ಮೂಡುವ ಮೊದಲೇ ತೆಗೆಯುತ್ತಾರೆ. ಬೇಳೆ ಹೋಳಿಗೆಯಿಂದ ಬೆಲ್ಲವನ್ನು ಕಸಿದುಕೊಂಡರೆ ಹೇಗೋ ಹಾಗೆ. ಮಾರುವುದು ಒಂದರ ಮೇಲೊಂದು ಇಟ್ಟು, ಎರಡೆರಡರ ಲೆಕ್ಕದಲ್ಲಿ. ಒಂಟಿ ಪುರಿ ಕೇಳುವವರಿಲ್ಲ. ಮಾರುವವನ ಕೈಚಳಕ ನೋಡಲೇಬೇಕು: ಎಡಗೈಯಲ್ಲಿ ಕಾಗದ, ಕಾಗದದ ಮೇಲೆ ಪುರಿ, ಬಲಗೈ ಚಮಚದಲ್ಲಿ ಗ್ರೋ ಪ್ವಾ ಎಂಬ ದಪ್ಪ ಕಾಳಿನ ಗಟ್ಟಿ ಸಾರು, ಅದರ ಮೇಲೆ ರುಗಾಯ್ ಎಂಬ ಟೊಮೆಟೊ ಗೊಜ್ಜು, ಒಂದಿಷ್ಟು ಸಾಸಿವೆ-ಅರಿಸಿನದ ತರಕಾರಿ ಉಪ್ಪಿನಕಾಯಿ, ಕೊತ್ತಂಬರಿ ಚಟ್ನಿ, ಖಾರ ಬೇಕೋ ಬೇಡವೋ ಎಂದು ಒಂದು ಹುಬ್ಬಿನ ಪ್ರಶ್ನೆ, ಸುರುಳಿ ಸುತ್ತಿ ಕೈಗಿಡುತ್ತಾನೆ. ಎಲ್ಲಾ ಸೇರಿ ಅರ್ಧ ನಿಮಿಷದ ಕೆಲಸ. ತಿನ್ನುವವರು ನಿಂತೇ ತಿನ್ನುತ್ತಾರೆ. ಗುಮಾಸ್ತೆ, ಬಂದರಿನ ಕೂಲಿ, ಶಾಲೆ ಬಿಟ್ಟ ಹುಡುಗಿಯರು, ಬ್ಯಾಂಕಿನವರು ಎಲ್ಲರೂ. ಬಾಗಿ, ಮೊಣಕೈ ಹೊರಗೆ ಚಾಚಿ ತಿನ್ನದಿದ್ದರೆ ರುಗಾಯ್ ಅಂಗಿಯ ಮೇಲೆ ಇಳಿಯುತ್ತದೆ.

ಇಲ್ಲಿಗೆ ಬಂದಾಗ ಓದುಗರ ಮೊದಲ ಆಕ್ಷೇಪ ಏಳಬೇಕು, ಅದೇ ಬಲವಾದದ್ದು ಕೂಡ. ಬೇಳೆ, ಅರಿಸಿನ, ಜೀರಿಗೆ, ಕಾವಲಿ: ಇದೆಲ್ಲ ನಮ್ಮ ಮನೆಯಲ್ಲೇ ಇರುವುದು. ಇದನ್ನು ತಿನ್ನಲು ಮುಂಬೈನಿಂದ 6 ಗಂಟೆ ವಿಮಾನದಲ್ಲಿ ಕೂತು ಹೋಗಬೇಕೆ? ಹೋಟೆಲಿನವರು ಕೊಡುವ ಪನೀರ್ ಬಟರ್ ಮಸಾಲೆಗೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ, ಎರಡೂ ಭಾರತದ್ದೇ ತಾನೆ? ವ್ಯತ್ಯಾಸವಿದೆ, ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆಯೇ. ಪನೀರ್ ಬಟರ್ ಮಸಾಲೆ ಆ ದ್ವೀಪಕ್ಕೆ ಪ್ರವಾಸಿಗಾಗಿ ಬಂದದ್ದು. ಬಿಹಾರದ ದಾಲ್‌ಪುರಿ ಬಂದದ್ದು ಕೂಲಿಯ ಬುತ್ತಿಯಲ್ಲಿ. ಬಂದದ್ದು ಬಂದ ಹಾಗೆ ಉಳಿಯಲಿಲ್ಲ. ಅದರೊಳಗೆ ಬೀಳುವ ಟೊಮೆಟೊ, ಮೆಣಸಿನಕಾಯಿ, ಗ್ರೋ ಪ್ವಾ ಮೂರೂ ಅಮೆರಿಕ ಖಂಡ ಮೂಲದ ಬೆಳೆಗಳು. ರುಗಾಯ್ ಆಫ್ರಿಕಾ, ಮಡಗಾಸ್ಕರ್, ಫ್ರಾನ್ಸ್‌ಗಳ ಮಿಶ್ರ ಮನೆತನದ ಕ್ರಿಯೋಲ್ ಅಡುಗೆಮನೆಯದು. ಬಿಹಾರದ ಯಾವ ಹಳ್ಳಿಯಲ್ಲೂ ಇವೆಲ್ಲ ಒಂದೇ ಕಾಗದದಲ್ಲಿ ಸುತ್ತಿಕೊಂಡು ಹೊರಬರುವುದಿಲ್ಲ. ಇನ್ನೂ ಮುಖ್ಯವಾದದ್ದು, ಯಾರ ಕೈಯಿಂದ ಯಾರು ತಿನ್ನುತ್ತಾರೆ ಎಂಬ ಪ್ರಶ್ನೆ. ಊರಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂರದಿದ್ದವರು ವಾರಗಟ್ಟಲೆ ಹಡಗಿನಲ್ಲಿ ಒಂದೇ ಒಲೆಯ ಅನ್ನ ಉಂಡರು. 'ಜಹಾಜಿ ಭಾಯಿ' ಎಂಬ ಹೊಸ ನಂಟು ಹುಟ್ಟಿದ್ದು ಅಲ್ಲಿ. ಜಾತಿ ಪೂರ್ತಿ ಅಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಮದುವೆಯ ಮಾತು ಬಂದಾಗ ಅಲ್ಲೂ ಅದು ತಲೆ ಎತ್ತುತ್ತದೆ. ಆದರೆ ಊಟದ ಮಟ್ಟಿಗೆ ಅದರ ಹಿಡಿತ ಸಡಿಲಾಯಿತು. ಇವತ್ತು ಧೋಲ್ ಪುರಿ ಗಾಡಿಯ ಮುಂದೆ ಚೀನೀ ಮೂಲದವರು, ಕ್ರಿಯೋಲ್ ಕ್ರೈಸ್ತರು, ಮುಸ್ಲಿಮರು, ತಮಿಳರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಕೂಲಿಯ ಊಟ ಒಂದು ದೇಶದ ಊಟವಾದ ಬಗೆ ಇದು. ಇದನ್ನು ನಮ್ಮದು ಎಂದು ಬಗಲಿಗೆ ಹಾಕಿಕೊಳ್ಳುವುದು ಅಲ್ಲಿನವರಿಗೆ ಮಾಡುವ ಅನ್ಯಾಯ.

ಧೋಲ್ ಪುರಿಯೊಂದೇ ಅಲ್ಲ. ಬೆಳಗ್ಗೆ ಗಾತೊ ಪಿಮಾ ಸಿಗುತ್ತದೆ: ನೆನೆಸಿದ ಬೇಳೆಯನ್ನು ತರಿತರಿಯಾಗಿ ರುಬ್ಬಿ, ಹಸಿಮೆಣಸು, ಈರುಳ್ಳಿ ಹಾಕಿ ಕರಿದ ಉಂಡೆ. ಅದರ ವಂಶಾವಳಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿಯವರು ಅದನ್ನು ಫ್ರೆಂಚ್ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ನಡುವೆ ಅಮುಕಿ ತಿನ್ನುತ್ತಾರೆ. ಎರಡು ಸಾಮ್ರಾಜ್ಯಗಳ ಜಗಳ ಹಾಗೆ ಒಂದು ಉಪಾಹಾರದಲ್ಲಿ ರಾಜಿಯಾಗಿದೆ. ಪೋರ್ಟ್ ಲೂಯಿಯ ಮಾರುಕಟ್ಟೆಯಲ್ಲಿ ಆಲೂದಾ ಎಂಬ ತಣ್ಣನೆಯ ಹಾಲು, ಅದರಲ್ಲಿ ಕಾಮಕಸ್ತೂರಿ ಬೀಜ, ಅಗರ್ ಜೆಲ್ಲಿಯ ಎಳೆಗಳು. ಹಕ್ಕಾ ಚೀನೀಯರು ತಂದ ನೂಡಲ್ಸ್ ಅಲ್ಲಿ ಮಿನ್ ಫ್ರಿ ಆಗಿ ಊರೂರಿನ ರಾತ್ರಿ ಊಟವಾಗಿದೆ. ಬಟ್ಟಲಿನಲ್ಲಿ ಮೊಟ್ಟೆ, ಮಾಂಸ, ತರಕಾರಿ, ಅನ್ನ ಪದರಪದರವಾಗಿ ಒತ್ತಿ ತಟ್ಟೆಗೆ ಬೋರಲು ಹಾಕುವ ಬೋಲ್ ರೆನ್ವೆರ್ಸೆಯೂ ಅವರದೇ. ಈ ಚೀನೀಯರು ಹಳ್ಳಿಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಕಬ್ಬಿನ ಕೂಲಿಗಳಿಗೆ ಬಟವಾಡೆಯವರೆಗೆ ಸಾಲ ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡವರು. ಅಡುಗೆ ಬೆರೆತದ್ದು ಸೌಹಾರ್ದದ ಭಾಷಣಗಳಿಂದಲ್ಲ, ಇಂಥ ಸಾಲದ ಪುಸ್ತಕಗಳಿಂದ. ಮೀನು ತಿನ್ನುವವರಿಗೆ ಸಾಸಿವೆ, ಅರಿಸಿನ, ವಿನೆಗರ್‌ನಲ್ಲಿ ಪಳಗಿಸಿದ ವಿಂದಾಯ್ ಇದೆ. ಆಕ್ಟೋಪಸ್ ತಿನ್ನುವ ಧೈರ್ಯವಿದ್ದರೆ ಅದೂ ಇದೆ. ಮದುವೆ, ಹಬ್ಬಗಳಲ್ಲಿ ಬಾಳೆಲೆಯ ಮೇಲೆ ಏಳು ಬಗೆಯ ಪಲ್ಯ-ಸಾರು ಬಡಿಸುವ ಊಟ ಇದೆ. ಸಮುದ್ರ ತೀರದಲ್ಲಿ ಸುರುಳಿಯಾಗಿ ಕೆತ್ತಿದ ಅನಾನಸ್‌ಗೆ ಹುಣಸೆ, ಉಪ್ಪು, ಖಾರ ಹಚ್ಚಿ ಕೊಡುತ್ತಾರೆ. ದಕ್ಷಿಣದ ಬೆಟ್ಟಗಳಲ್ಲಿ ಚಹಾ ತೋಟಗಳಿವೆ, ವೆನಿಲಾ ಬೆರೆಸಿದ ಚಹಾ ಅಲ್ಲಿನ ರೂಢಿ. ಅದು ನನ್ನ ಮಟ್ಟಿಗೆ ಚಹಾ ಅಲ್ಲ.

ನೋಡುವ ತಾಣಗಳನ್ನು ನಾನು ಕಡೆಗಣಿಸುತ್ತಿಲ್ಲ. ಶಾಮರೆಲ್‌ನ ಮಣ್ಣು ನಿಜವಾಗಿಯೂ ಬೆರಗು ಹುಟ್ಟಿಸುತ್ತದೆ: ಜ್ವಾಲಾಮುಖಿಯ ಬಸಾಲ್ಟ್ ಶಿಲೆ ಮಳೆ-ಬಿಸಿಲಿಗೆ ಕರಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದು, ಕೆಂಪು, ಕಂದು, ನೇರಳೆ, ಹಳದಿಯ ದಿಬ್ಬಗಳಾಗಿವೆ. ಆದರೆ ಬೇಲಿಯ ಈಚೆ ನಿಂತು ನೋಡುವ ಆ ದೃಶ್ಯಕ್ಕೆ ಅರ್ಧ ಗಂಟೆ ಧಾರಾಳ. ಅಲ್ಲಿಂದ ಇಳಿದು ಬಂದರೆ ನೈಋತ್ಯದ ತುದಿಯಲ್ಲಿ 556 ಮೀಟರ್ ಎತ್ತರದ ಲ ಮೋರ್ನ್ ಬಂಡೆ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅದರ ಗವಿಗಳಲ್ಲಿ, ನೆತ್ತಿಯಲ್ಲಿ ಅಡಗಿ ಬದುಕಿದರು. 1835ರಲ್ಲಿ ಬಿಡುಗಡೆಯ ಸುದ್ದಿ ಹೇಳಲು ಬಂದ ಪೊಲೀಸರನ್ನು ಹಿಡಿಯಲು ಬಂದವರೆಂದು ತಿಳಿದು ಮೇಲಿನಿಂದ ಹಾರಿ ಸತ್ತರೆಂಬ ಐತಿಹ್ಯವಿದೆ. 2008ರಲ್ಲಿ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ಯಾಕೇಜಿನ ವ್ಯಾನು ಅದನ್ನು ರೆಸಾರ್ಟ್‌ನ ಹಿನ್ನೆಲೆ ಚಿತ್ರವೆಂಬಂತೆ ತೋರಿಸಿ ಮುಂದೆ ಹೋಗುತ್ತದೆ. ಗಂಗಾ ತಲಾವ್‌ನಲ್ಲಿ 33 ಮೀಟರ್ ಎತ್ತರದ ಶಿವನ ಪ್ರತಿಮೆಯ ಮುಂದೆ ಸೆಲ್ಫಿ ತೆಗೆದುಕೊಂಡವರಿಗೆ, ಶಿವರಾತ್ರಿಗೆ ಲಕ್ಷಗಟ್ಟಲೆ ಜನ ಊರೂರಿನಿಂದ ಕಾವಡಿ ಹೊತ್ತು ನಡೆದೇ ಬರುತ್ತಾರೆ, ದಾರಿಯುದ್ದಕ್ಕೂ ಅವರಿಗೆ ಊಟ, ಹಣ್ಣು, ಚಹಾ ಕೊಡಲು ಬೇರೆ ಧರ್ಮದವರೂ ನಿಲ್ಲುತ್ತಾರೆ ಎಂದು ತಿಳಿಯುವುದು ಹೇಗೆ? ನಮ್ಮ ಯುಗಾದಿ ಅಲ್ಲಿನ ತೆಲುಗರ ಹಬ್ಬವಾಗಿ ಸರ್ಕಾರಿ ರಜೆಯ ದಿನ ಎಂಬುದನ್ನು ಯಾವ ಗೈಡು ಹೇಳುತ್ತಾನೆ? ಕೆರೆಯೊಂದು ಕೆರೆಯಾಗಿಯೇ, ಬಂಡೆಯೊಂದು ಬಂಡೆಯಾಗಿಯೇ ಉಳಿದುಬಿಡುತ್ತದೆ. ಅಲ್ಲಿ ಬದುಕಿದವರು ಏನು ಉಂಡರು, ಯಾಕೆ ಉಂಡರು ಎಂಬುದು ಗೊತ್ತಿರುವವರಿಗೆ ಮಾತ್ರ ಅವು ಬೇರೆಯಾಗಿ ಕಾಣುತ್ತವೆ.

ಎರಡನೆಯ ಆಕ್ಷೇಪ ಸಸ್ಯಾಹಾರಿಗಳದು. ಇದನ್ನು ತಳ್ಳಿಹಾಕುವ ಉಡಾಫೆ ನನಗಿಲ್ಲ. ಪರದೇಶದಲ್ಲಿ ತಟ್ಟೆಯ ಮುಂದೆ ಅನುಮಾನದಿಂದ ಕೂರುವುದು ಹಿಂಸೆಯೇ. ಆದರೆ ಮಾರಿಷಸ್‌ನಷ್ಟು ಸಸ್ಯಾಹಾರಿಗೆ ಅನುಕೂಲವಾದ ಉಷ್ಣವಲಯದ ದ್ವೀಪಗಳು ಹೆಚ್ಚಿಲ್ಲ. ಜನಸಂಖ್ಯೆಯ ಸುಮಾರು ಅರ್ಧ ಭಾಗ ಹಿಂದೂಗಳು. ಶಿವರಾತ್ರಿ, ತಮಿಳರ ಕಾವಡಿಯಂಥ ಹಬ್ಬಗಳ ಮುಂಚೆ ದಿನಗಟ್ಟಲೆ ಮಾಂಸ ಬಿಡುವವರು ಅಲ್ಲಿ ಬೇಕಾದಷ್ಟು. ಧೋಲ್ ಪುರಿ, ಆಲೂಗಡ್ಡೆ ಪಲ್ಯದ ಫರಾಟಾ, ಗಾತೊ ಪಿಮಾ, ಸೊಪ್ಪಿನ ಸಾರು, ಸೀಮೆಬದನೆ ಪಲ್ಯ, ಏಳು ಪಲ್ಯದ ಬಾಳೆಲೆ ಊಟ ಇವೆಲ್ಲ ಯಾರೂ ನಿಮಗಾಗಿ ಬದಲಿಸದೆ ತಾವಾಗಿಯೇ ಸಸ್ಯಾಹಾರ. ಎಚ್ಚರ ಬೇಕಾದ ಕಡೆಯೂ ಇದೆ. ರುಗಾಯ್‌ಗೆ ಕೆಲವು ಕಡೆ ಉಪ್ಪುಮೀನು ಅಥವಾ ಸಾಸೇಜ್ ಬೀಳುತ್ತದೆ. ಮಿನ್ ಫ್ರಿಯಲ್ಲಿ ತರಕಾರಿ ಮಾತ್ರ ಎಂದರೂ ಮೊಟ್ಟೆಯೋ ಸಿಂಪಿಯ ಸಾಸೋ ಇರಬಹುದು. ಗಾತೊ ಪಿಮಾ ಕರಿದ ಎಣ್ಣೆಯಲ್ಲೇ ಮೀನಿನ ಬೋಂಡವೂ ಮುಳುಗಿ ಎದ್ದಿರಬಹುದು. ಇಂಥದ್ದು ಒಪ್ಪದವರು ಕೇಳಿಯೇ ತಿನ್ನಬೇಕು, ಕೇಳುವುದು ಕಷ್ಟವೂ ಅಲ್ಲ: ಇಂಗ್ಲಿಷ್ ನಡೆಯುತ್ತದೆ, ಹಿಂದಿ ಹಲವರಿಗೆ ಅರ್ಥವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಬೀದಿಯ ಊಟ ಒಗ್ಗುವುದಿಲ್ಲ, ಅವರು ಪ್ಯಾಕೇಜಿನ ಊಟಕ್ಕೆ ಅಂಟಿಕೊಳ್ಳುವುದೇ ಸರಿ. ಉಳಿದ ಸಸ್ಯಾಹಾರಿಗಳಿಗೆ ಆ ಭರವಸೆಯ ಸಾಲು ಇಲ್ಲದ ಭಯವೊಂದನ್ನು ಮಾರುತ್ತಿದೆ.

ಆರೋಗ್ಯದ ಪ್ರಶ್ನೆಗೆ ಉತ್ತರ ಚಿಕ್ಕದು. ಸಾಲು ಉದ್ದವಿರುವ ಗಾಡಿ ನೋಡಿ, ಬಿಸಿಯಾಗಿರುವುದನ್ನು ತಿನ್ನಿ, ಬಿಸಿಲಲ್ಲಿ ಕತ್ತರಿಸಿಟ್ಟ ಹಣ್ಣನ್ನು ಬಿಡಿ. ಬೆಂಗಳೂರಿನ ತಿಂಡಿಬೀದಿಯಲ್ಲಿ ಬದುಕಿ ಉಳಿದ ಹೊಟ್ಟೆಗೆ ಪೋರ್ಟ್ ಲೂಯಿ ದೊಡ್ಡ ಪರೀಕ್ಷೆಯಲ್ಲ. ದುಡ್ಡು ಮತ್ತು ಓಡಾಟದ ಆಕ್ಷೇಪ ಇದಕ್ಕಿಂತ ಗಟ್ಟಿ. ಒಂದು ಜೋಡಿ ಧೋಲ್ ಪುರಿಗೆ ಒಂದು ಡಾಲರ್‌ನಷ್ಟೂ ಆಗದಿದ್ದರೂ, ಅದು ಸಿಗುವಲ್ಲಿಗೆ ಹೋಗಿ ಬರುವ ಟ್ಯಾಕ್ಸಿಗೆ ಅದರ ಹತ್ತಾರು ಪಟ್ಟು ಆಗುತ್ತದೆ. ರೆಸಾರ್ಟ್‌ಗಳು ಊರಿನಿಂದ ದೂರ, ಕಡಲಂಚಿನಲ್ಲಿ ಇರುತ್ತವೆ. ಬಸ್ಸುಗಳು ಅಗ್ಗ, ಆದರೆ ಹಳ್ಳಿ ಮಾರ್ಗಗಳಲ್ಲಿ ಸಂಜೆಗೇ ನಿಂತುಬಿಡುತ್ತವೆ. ರಾತ್ರಿಯೂಟಕ್ಕೆ ಹೊರಗೆ ಹೋಗಿ ಎಂದು ಹೇಳುವುದು ಹಾಗಾಗಿ ಬೇಜವಾಬ್ದಾರಿ. ನನ್ನ ವಾದ ಇಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಮಧ್ಯಾಹ್ನ ಹೇಗೂ ನೀವು ಹೊರಗೇ ಇರುತ್ತೀರಿ, ವ್ಯಾನು ಹೇಗೂ ಬಾಡಿಗೆಗೆ ಬಂದಿರುತ್ತದೆ. ಸುತ್ತಾಟದ ದಿನಗಳ ಮಧ್ಯಾಹ್ನ ವ್ಯಾನನ್ನು ಭಾರತೀಯ ರೆಸ್ಟೋರೆಂಟ್ ಮುಂದೆಯೋ ಮಾಲ್‌ನ ಫುಡ್ ಕೋರ್ಟ್‌ನಲ್ಲಿಯೋ ನಿಲ್ಲಿಸುವ ಬದಲು ಪೇಟೆಯಲ್ಲಿ ನಿಲ್ಲಿಸಿ ಎಂದರೆ ಹೆಚ್ಚುವರಿ ಖರ್ಚು ಏನೂ ಇಲ್ಲ. ಚಾಲಕನಿಗೂ ಅದೇ ಇಷ್ಟ, ಅವನ ಮಧ್ಯಾಹ್ನದ ಊಟವೂ ಬಹುಶಃ ಅದೇ ಗಾಡಿಯಲ್ಲಿ.

ಇನ್ನೊಂದು ಆಕ್ಷೇಪ ಸ್ವಲ್ಪ ಸೂಕ್ಷ್ಮದ್ದು. ಮಾರಿಷಸ್ ತಾನು ಉಣ್ಣುವ ಆಹಾರದ ಬಹುಪಾಲನ್ನು ಆಮದು ಮಾಡಿಕೊಳ್ಳುವ ದೇಶ. ಅಲ್ಲಿ ಗೋಧಿ ಬೆಳೆಯುವುದಿಲ್ಲ, ಬೇಳೆಯೂ ಹೊರಗಿನದೇ. ಹೀಗಿರುವಾಗ ಧೋಲ್ ಪುರಿಯನ್ನು ಸ್ಥಳೀಯ ಊಟ ಎನ್ನುವುದರಲ್ಲಿ ಅರ್ಥವಿದೆಯೆ? ಇದೆ, ಮತ್ತು ಆ ಆಮದಿನ ಕಥೆಯೂ ಆ ಊಟದ ಭಾಗವೇ. ಎರಡು ಶತಮಾನ ಒಳ್ಳೆಯ ನೆಲವನ್ನೆಲ್ಲ ಕಬ್ಬಿಗೆ ಬರೆದುಕೊಟ್ಟ ದ್ವೀಪ ತನ್ನ ಅನ್ನವನ್ನು ಹಡಗಿಗೆ ಒಪ್ಪಿಸಿತು. ಲಂಡನ್ನಿನ ಚಹಾ ಬಟ್ಟಲಿಗೆ ಸಕ್ಕರೆ ಹೋಯಿತು, ಬದಲಿಗೆ ಅಕ್ಕಿ ಬೇಳೆ ಬಂತು. ಪಾಂಪ್ಲೆಮೂಸ್ ಬಳಿಯ ಹಳೆಯ ಸಕ್ಕರೆ ಕಾರ್ಖಾನೆಯೊಂದನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಪಕ್ಕದಲ್ಲೇ ಪಿಯೆರ್ ಪ್ವಾವ್ರ್ ಎಂಬ ಫ್ರೆಂಚ್ ಆಡಳಿತಗಾರ ಡಚ್ಚರ ಕಣ್ಣುತಪ್ಪಿಸಿ ತರಿಸಿದ ಲವಂಗ, ಜಾಯಿಕಾಯಿ ಸಸಿಗಳನ್ನು ಬೆಳೆಸಿದ ಸಸ್ಯೋದ್ಯಾನವಿದೆ. ಉದ್ಯಾನದ ದೊಡ್ಡ ನೈದಿಲೆ ಎಲೆಗಳ ಫೋಟೊ ಎಲ್ಲರ ಫೋನಿನಲ್ಲಿರುತ್ತದೆ, ಕಾರ್ಖಾನೆಯೊಳಗೆ ಹೋಗುವವರು ಕಡಿಮೆ. ಇನ್ನು, ರೆಸಾರ್ಟ್‌ನ ಬಫೆಗೆ ಬರುವ ಚೀಸು, ಸೇಬು, ಪನೀರುಗಳೂ ಹಡಗಿನಲ್ಲೋ ವಿಮಾನದಲ್ಲೋ ಬಂದವೇ. ಎರಡೂ ಆಮದೇ ಆಗಿದ್ದರೆ, ಕಾವಲಿ ಕಾಯಿಸಿ ಮನೆ ನಡೆಸುವವನ ಕೈಗೆ ನೇರವಾಗಿ ಹೋಗುವ ದುಡ್ಡಿಗೆ ನನ್ನ ಮತ. ರೆಸಾರ್ಟ್‌ಗಳೂ ಸಾವಿರಾರು ಜನರಿಗೆ ಸಂಬಳ ಕೊಡುತ್ತವೆ ಎಂಬುದು ನಿಜ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಅಲ್ಲಿ ಮಲಗುವುದನ್ನು ನಾನು ಬೇಡವೆನ್ನುತ್ತಿಲ್ಲವಲ್ಲ. 2024ರಲ್ಲಿ ಆ ದ್ವೀಪಕ್ಕೆ ಬಂದ ಪ್ರವಾಸಿಗರು 13 ಲಕ್ಷಕ್ಕೂ ಹೆಚ್ಚು, ಅಲ್ಲಿ ವಾಸಿಸುವವರು ಸುಮಾರು 12.6 ಲಕ್ಷ. ಇಷ್ಟೊಂದು ಅತಿಥಿಗಳು ಬಂದು, ಎಲ್ಲರೂ ಕಾಂಪೌಂಡಿನೊಳಗೇ ಉಂಡು ಹೋದರೆ ಮನೆಯವರಿಗೆ ಅದು ಅತಿಥಿ ಸತ್ಕಾರವಾಗಿ ಉಳಿಯುವುದಿಲ್ಲ.

ಕೊನೆಯ ಆಕ್ಷೇಪ ಹಿರಿಯರದಲ್ಲ, ಹೊಸದಾಗಿ ಮದುವೆಯಾದವರದು. ನಾವು ಹೋಗುವುದು ಇತಿಹಾಸ ಕಲಿಯಲಿಕ್ಕಲ್ಲ. ಮದುವೆಯ ಗದ್ದಲ, ನೆಂಟರ ಕಾಟ ಮುಗಿಸಿ ನಾಲ್ಕು ದಿನ ಇಬ್ಬರೇ ಇರಲಿಕ್ಕೆ. ಸಮುದ್ರ, ಈಜುಕೊಳ, ನಿದ್ದೆ ಸಾಕು. ಈ ಬಯಕೆಯಲ್ಲಿ ತಪ್ಪೇನೂ ಇಲ್ಲ, ಮಾರಿಷಸ್‌ನ ಲಗೂನ್ ಅದಕ್ಕೆ ಹೇಳಿ ಮಾಡಿಸಿದ್ದು: ದ್ವೀಪದ ಬಹುಭಾಗದ ಸುತ್ತ ಹವಳದ ದಂಡೆ ಅಲೆಗಳನ್ನು ಹೊರಗೇ ತಡೆಯುತ್ತದೆ, ಒಳಗಿನ ನೀರು ತಿಳಿಯಾಗಿ ಶಾಂತವಾಗಿರುತ್ತದೆ. ಭರತರೇಖೆಯವರೆಗಿನ ಕಡಲತೀರವೆಲ್ಲ ಕಾನೂನಿನ ಪ್ರಕಾರ ಸಾರ್ವಜನಿಕ ಸ್ವತ್ತು. ನಿಮ್ಮ ರೆಸಾರ್ಟ್ ಎದುರಿನ ಮರಳಿನ ಮೇಲೆ ಊರಿನ ಸಂಸಾರವೊಂದು ಭಾನುವಾರ ಬಿರಿಯಾನಿ ಪಾತ್ರೆ ತೆರೆದು ಕೂತರೆ ಅದು ಅವರ ಹಕ್ಕು. ನಮ್ಮ ಕಡೆ ವೈಶಾಖ, ಜ್ಯೇಷ್ಠದಲ್ಲಿ ಮದುವೆಯಾದವರು ಒಂದು ಸಂಗತಿ ಗಮನಿಸಬೇಕು: ಅದು ದಕ್ಷಿಣಾರ್ಧಗೋಳ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ಚಳಿಗಾಲ. ಜೂನ್, ಜುಲೈನಲ್ಲಿ ಆಗ್ನೇಯ ಮಾರುತ ಬೀಸಿ ಪೂರ್ವ ಕರಾವಳಿ ಗಾಳಿಮಯವಾಗುತ್ತದೆ, ಐಲ್ ಓ ಸೆರ್ಫ್ ಇರುವುದು ಅಲ್ಲೇ. ಅಂದರೆ ಇಡೀ ದಿನ ನೀರಿನಲ್ಲಿರುವ ಯೋಜನೆ ನೀವು ಅಂದುಕೊಂಡಷ್ಟು ಸರಾಗವಾಗದು, ಹೊರಗೆ ಸುತ್ತಲು ಮಾತ್ರ ಹಿತವಾದ ಹವೆ. ಇಬ್ಬರೇ ಇರುವ ಬಗ್ಗೆಯೂ ಒಂದು ಮಾತು. ಬೆಳಗ್ಗೆ ಎಂಟಕ್ಕೆ ವ್ಯಾನು, ಹತ್ತಕ್ಕೆ ಕ್ರೇಟರ್, ಹನ್ನೊಂದಕ್ಕೆ ಕೆರೆ, ಒಂದಕ್ಕೆ ಬಫೆ ಸಾಲು ಎಂಬ ಪಟ್ಟಿಯಲ್ಲಿ ಏಕಾಂತ ಎಲ್ಲಿದೆ? ಅದೇ ಪ್ಯಾಕೇಜಿನ ಇನ್ನೂ ಆರು ಜೋಡಿಗಳು ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ನಿಂತಿರುತ್ತವೆ. ಮಹೆಬೂರ್ ಪಟ್ಟಣದ ಸೋಮವಾರದ ಸಂತೆಯಲ್ಲಿ, ಗುರುತಿಲ್ಲದ ಜನರ ನಡುವೆ, ಯಾವುದಕ್ಕೆ ಖಾರ ಹೆಚ್ಚು ಎಂದು ಗಂಡ ಹೆಂಡತಿ ಜಗಳವಾಡುತ್ತಾ ನಿಂತು ತಿನ್ನುವಾಗ ಸಿಗುವ ಏಕಾಂತವೇ ಹೆಚ್ಚು.

ಆದ್ದರಿಂದ ಮುಂಗಡ ಕೊಡುವ ಮೊದಲು ಏಜೆಂಟರ ಹತ್ತಿರ ಎರಡೇ ಬದಲಾವಣೆ ಕೇಳಿ. ಸುತ್ತಾಟದ ದಿನಗಳ ಮಧ್ಯಾಹ್ನದ ಊಟವನ್ನು ಪಟ್ಟಿಯಿಂದ ತೆಗೆಸಿ, ಉತ್ತರದ ದಿನ ಪೋರ್ಟ್ ಲೂಯಿಯ ಮಾರುಕಟ್ಟೆಗೆ ಒಂದೂವರೆ ಗಂಟೆ ಸೇರಿಸಿ, ಆಪ್ರವಾಸಿ ಘಾಟ್ ಅಲ್ಲೇ ಪಕ್ಕದಲ್ಲಿದೆ. ದಕ್ಷಿಣದ ದಿನ ಶಾಮರೆಲ್ ಹಳ್ಳಿಯಲ್ಲಿ ಮನೆಯವರೇ ನಡೆಸುವ ಕ್ರಿಯೋಲ್ ಊಟದ ಮನೆಗಳಲ್ಲಿ ಒಂದನ್ನು ಚಾಲಕನೇ ಆರಿಸಲಿ, ನೀವು ತಿನ್ನುವುದು ತಿನ್ನದಿರುವುದನ್ನು ಅವನಿಗೆ ಮುಂಚೆಯೇ ಹೇಳಿಬಿಡಿ. ರಾತ್ರಿ ರೆಸಾರ್ಟ್‌ನಲ್ಲಿ ಏನು ಬೇಕಾದರೂ ಉಣ್ಣಿ, ಪನೀರ್ ಬಟರ್ ಮಸಾಲೆಯೇ ಆಗಲಿ. ಚಿಲ್ಲರೆ ಮಾರಿಷಸ್ ರೂಪಾಯಿ ಜೇಬಿನಲ್ಲಿರಲಿ, ಗಾಡಿಯವರು ದೊಡ್ಡ ನೋಟು ಕಂಡರೆ ಗೊಣಗುತ್ತಾರೆ. ಒಳ್ಳೆಯ ಗಾಡಿಗಳಲ್ಲಿ ಧೋಲ್ ಪುರಿ ಮಧ್ಯಾಹ್ನ ದಾಟುವಷ್ಟರಲ್ಲಿ ಖಾಲಿಯಾಗುತ್ತದೆ. ಹನ್ನೊಂದೂವರೆಗೇ ಹೋಗಿ ನಿಲ್ಲಿ.